ಹೇಳೋರಿಲ್ಲ, ಕೇಳೋರಿಲ್ಲ

ನಮ್ಮ ಆಫೀಸಿನಲ್ಲಿ ದಿನ ಶುರುವಾಗುವುದು ವರ್ಡಲ್‌ನಿಂದ. ಐದು ಅಕ್ಷರದ ಒಂದು ಇಂಗ್ಲಿಷ್ ಪದ, ಊಹಿಸಲಿಕ್ಕೆ ಆರು ಅವಕಾಶ. ಅಕ್ಷರವೂ ಜಾಗವೂ ಸರಿಯಾದರೆ ಹಸಿರು, ಅಕ್ಷರ ಇದೆ ಆದರೆ ಜಾಗ ಬೇರೆ ಅಂದರೆ ಹಳದಿ, ಇಲ್ಲವೇ ಇಲ್ಲ ಅಂದರೆ ಬೂದಿ ಬಣ್ಣ. ಹತ್ತು ಗಂಟೆಯ ಮೀಟಿಂಗಿಗೆ ಮುಂಚೆ ಎಲ್ಲರ ಬಣ್ಣದ ಚೌಕಗಳೂ ಗ್ರೂಪಿಗೆ ಬಂದು ಬೀಳಬೇಕು. ಯಾರು ಮೂರರಲ್ಲಿ ಮುಗಿಸಿದರು, ಯಾರು ಆರರಲ್ಲಿ ಬಚಾವಾದರು ಅನ್ನುವುದರ ಮೇಲೆ ಅವತ್ತಿನ ಮಾನ ಮರ್ಯಾದೆ.

ನಾನು ಬಹಳ ದಿನ ಸೋಲುವವರ ಪೈಕಿ ಇದ್ದೆ. ಆಮೇಲೆ ಒಂದು ದಾರಿ ಹುಡುಕಿಕೊಂಡೆ. ಎ, ಆರ್, ಇ ಮೂರೂ ಇರುವ ಐದಕ್ಷರದ ಪದಗಳು; ಎರಡನೇ ಜಾಗದಲ್ಲಿ ಎಚ್ ಇರುವ ಪದಗಳು; ಹೀಗೆ ಬೇಕಾದ ಅಕ್ಷರ ಕೊಟ್ಟರೆ ಪದಗಳ ಉದ್ದ ಪಟ್ಟಿ ಸಿಗುತ್ತದಲ್ಲ, ಅದನ್ನು ಪಕ್ಕದಲ್ಲಿ ತೆಗೆದಿಟ್ಟುಕೊಂಡು ಆಡತೊಡಗಿದೆ. ಮೂರರಲ್ಲಿ, ನಾಲ್ಕರಲ್ಲಿ ಮುಗಿಯತೊಡಗಿತು. ಒಂದು ದಿನ ಹಿಂದಿನಿಂದ ಬಂದ ಗೆಳೆಯನೊಬ್ಬ ನನ್ನ ಸ್ಕ್ರೀನ್ ನೋಡಿ, "ಅಯ್ಯೋ, ಇದು ಚೀಟಿಂಗ್!" ಅಂತ ಎಲ್ಲರಿಗೂ ಕೇಳುವಂತೆ ಕೂಗಿದ. ಎಲ್ಲರೂ ನಕ್ಕರು. ನಾನೂ ನಕ್ಕೆ. ಆದರೆ ಒಳಗೆ ಎಲ್ಲೋ ಚುಚ್ಚಿತು.

ಯಾಕೆಂದರೆ ನನಗೆ ಇಂಗ್ಲಿಷ್ ಬಂದಿದ್ದೇ ಪಟ್ಟಿಯಿಂದ. ಬೆಂಗಳೂರಿನಲ್ಲಿ ಬೆಳೆದವರಿಗೆ ಒಂದು ಇಂಗ್ಲಿಷ್ ಪದ ಮೊದಲು ಕಿವಿಗೆ ಬಿದ್ದು ಆಮೇಲೆ ಕಣ್ಣಿಗೆ ಬೀಳುತ್ತದೆ. ಊರಿನ ಕನ್ನಡ ಶಾಲೆಯಲ್ಲಿ ಓದಿದ ನನಗೆ ಅದು ಕಣ್ಣಿಗಷ್ಟೇ ಬೀಳುತ್ತಿತ್ತು. ಕೆ ಬರೆದರೂ ಓದಬಾರದ ಪದಗಳು ಇವು, ಜಿಎಚ್ ಬರೆದು ನುಂಗಬೇಕಾದ ಪದಗಳು ಇವು ಅಂತ ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಸಾಲು ಸಾಲು ಬರೆದು ಬಾಯಿಪಾಠ ಮಾಡಿದ್ದೆ. ಕಿವಿ ಸಹಾಯಕ್ಕೆ ಬಾರದ ಕಡೆ ಪಟ್ಟಿಯೇ ಗತಿ.

ಆ ರಾತ್ರಿ ಸಿಟ್ಟಿನಲ್ಲಿ ಆಟಕ್ಕೆ ನಮ್ಮೂರಿನ ಹೆಸರನ್ನೇ ತುರುಕಿ ನೋಡಿದೆ. ಪೂರ್ತಿ ಹೆಸರು ಹಿಡಿಸುವುದಿಲ್ಲ, ಅರ್ಧ ಹಿಡಿಸುತ್ತದೆ. ಆರ್, ಎ, ಎನ್, ಎನ್, ಎ: ರನ್ನ. ಸರಿಯಾಗಿ ಐದು ಅಕ್ಷರ. ಚೌಕಗಳು ಒಮ್ಮೆ ಅಲುಗಾಡಿ ನಿಂತವು. ಇದು ಪದಗಳ ಪಟ್ಟಿಯಲ್ಲಿ ಇಲ್ಲ ಅಂತ ಆಟ ಹೇಳಿತು.

ನಮ್ಮೂರು ರನ್ನ ಬೆಳಗಲಿ. ಮುಧೋಳ ತಾಲೂಕು, ಬಾಗಲಕೋಟೆ ಜಿಲ್ಲೆ. ಎತ್ತ ನೋಡಿದರೂ ಕಬ್ಬು. ಸಾವಿರ ವರ್ಷದ ಹಿಂದೆ ಈ ಸೀಮೆಯ ಬಳೆಗಾರರ ಮನೆಯಲ್ಲಿ ಹುಟ್ಟಿ, ಚಾಲುಕ್ಯರ ಆಸ್ಥಾನದಲ್ಲಿ ಕವಿಚಕ್ರವರ್ತಿ ಅನ್ನಿಸಿಕೊಂಡವನು ರನ್ನ. ಹುಟ್ಟಿದ್ದು 949ರಲ್ಲಿ. ಅಪ್ಪ ಜಿನವಲ್ಲಭ, ಅವ್ವ ಅಬ್ಬಲಬ್ಬೆ. ತನ್ನ ಊರು ಬೆಳುಗಲಿ ನಾಡಿನ ಮುದುವೊಳಲು ಅಂತ ಅವನೇ ಹೇಳಿಕೊಂಡಿದ್ದಾನೆ. ಮುದುವೊಳಲು ಅಂದರೆ ಮುಧೋಳವೇ ಅಂತ ಮುಧೋಳದವರು; ಹೆಸರು ಯಾರ ಊರಿಗೆ ಅಂಟಿಕೊಂಡಿದೆ ನೋಡಿರಿ ಅಂತ ನಾವು. ಈ ಜಗಳ ಮುಗಿಯುವಂಥದ್ದಲ್ಲ, ಬಿಡಿ.

ಅಪ್ಪ ಹೈಸ್ಕೂಲಿನಲ್ಲಿ ಕನ್ನಡ ಕಲಿಸಿ ರಿಟೈರ್ ಆದವರು, ಈಗ ಊರಲ್ಲೇ ಇದ್ದಾರೆ. ಫೋನಿನಲ್ಲಿ ಅವರ ಮುಂದೆ ಪಟ್ಟಿಯ ಕತೆ ಹೇಳಿಕೊಂಡೆ. ನಗಾಡಿದರು. ಆಮೇಲೆ ಅಂದರು: "ಪಟ್ಟಿ ನೋಡೂದು ಕಳ್ಳತನ ಅಂದ್ರ ಮೊದಲು ಕೇಶಿರಾಜನ್ನ ಜೇಲಿಗೆ ಹಾಕಬೇಕಾಕ್ಕೈತಿ, ಯವ್ವಾ."

ಕೇಶಿರಾಜ ಯಾರು ಅಂತ ನನಗೆ ಗೊತ್ತಿತ್ತು. ಶಬ್ದಮಣಿದರ್ಪಣ ಬರೆದವನು, ಹದಿಮೂರನೇ ಶತಮಾನ, ಒಂದು ಮಾರ್ಕಿನ ಪ್ರಶ್ನೆ. ಅವನಿಗೂ ಪಟ್ಟಿಗೂ ಏನು ಸಂಬಂಧ ಅನ್ನುವುದು ಗೊತ್ತಿರಲಿಲ್ಲ. ಅದನ್ನು ತಿಳಿಯುವ ಮೊದಲು ನಮ್ಮ ಹಳೆಯ ಕವಿಗಳು ಆಡುತ್ತಿದ್ದ ಒಂದು ಆಟದ ನಿಯಮ ತಿಳಿಯಬೇಕು.

*

ಇವತ್ತು ನಾವು ಪ್ರಾಸ ಅಂದರೆ ಸಾಲಿನ ಕೊನೆ ನೋಡುತ್ತೇವೆ. ಸಿನಿಮಾ ಹಾಡಿನಿಂದ ಹಿಡಿದು ಆಟೋ ಹಿಂದಿನ ಬರಹದವರೆಗೆ ಎಲ್ಲವೂ ಕೊನೆಯಲ್ಲೇ ಕೂಡುತ್ತವೆ. ಹಳಗನ್ನಡದಲ್ಲಿ ಹಾಗಲ್ಲ. ಅಲ್ಲಿ ಪ್ರಾಸ ಇರುವುದು ಸಾಲಿನ ಶುರುವಿನಲ್ಲಿ, ಎರಡನೇ ಅಕ್ಷರದಲ್ಲಿ. ಪದ್ಯದ ಮೊದಲ ಸಾಲಿನ ಎರಡನೇ ಅಕ್ಷರದಲ್ಲಿ ಯಾವ ವ್ಯಂಜನ ಇದೆಯೋ ಉಳಿದ ಸಾಲುಗಳ ಎರಡನೇ ಅಕ್ಷರದಲ್ಲೂ ಅದೇ ವ್ಯಂಜನ ಬರಬೇಕು. ಆ ಅಕ್ಷರದ ಹಿಂದೆ ಹ್ರಸ್ವ ಇದ್ದರೆ ಒಂದು ಬಗೆ, ದೀರ್ಘ ಇದ್ದರೆ ಇನ್ನೊಂದು, ಸೊನ್ನೆ ಇದ್ದರೆ ಮತ್ತೊಂದು. ಹೀಗೆ ಆರು ಬಗೆ ಮಾಡಿ ಅವಕ್ಕೆ ಸಿಂಹ, ಗಜ, ವೃಷಭ, ಅಜ, ಶರಭ, ಹಯ ಅಂತ ಪ್ರಾಣಿಗಳ ಹೆಸರಿಟ್ಟಿದ್ದರು.

ಕಂದಪದ್ಯವನ್ನೇ ತೆಗೆದುಕೊಳ್ಳಿ. ನಾಲ್ಕೇ ಸಾಲು. ಮಾತ್ರೆ ಲೆಕ್ಕ 12, 20, 12, 20. ಆ ಇಕ್ಕಟ್ಟಿನಲ್ಲಿ ದುರ್ಯೋಧನ ಅಳಬೇಕು, ಭೀಮ ಗದೆ ತಿರುಗಿಸಬೇಕು. ಅದರ ಮೇಲೆ ನಾಲ್ಕೂ ಸಾಲಿನ ಎರಡನೇ ಮನೆಯಲ್ಲಿ ಅದೇ ಅಕ್ಷರ ಕೂರಬೇಕು. ವರ್ಡಲ್‌ನಲ್ಲಿ ಎರಡನೇ ಚೌಕ ಹಸಿರಾಗಿದೆ ಅಂದಾಗ ನಾನು ತಲೆ ಕೆರೆದುಕೊಳ್ಳುತ್ತೇನಲ್ಲ, ಆ ಕೆಲಸವನ್ನು ರನ್ನ ಬದುಕಿಡೀ ಮಾಡಿದ.

ಮತ್ತೆ ಇಲ್ಲೇ ಒಂದು ಸಿಕ್ಕು. ಇವತ್ತು ನಮಗೆ ಒಂದೇ ಅನ್ನಿಸುವ ಅಕ್ಷರಗಳು ರನ್ನನಿಗೆ ಒಂದೇ ಅಲ್ಲ.

"ಹೇಳು, ಕೇಳು. ಪ್ರಾಸ ಕೂಡತೈತೋ ಇಲ್ಲೋ?" ಅಂತ ಅಪ್ಪ ಕೇಳಿದರು.

ಕೂಡದೆ ಏನು? ಕನ್ನಡದಲ್ಲಿ ಇದಕ್ಕಿಂತ ಜೋಡಿಯಾದ ಪ್ರಾಸ ಯಾವುದಿದೆ? ಹೇಳೋರಿಲ್ಲ ಕೇಳೋರಿಲ್ಲ ಅಂತ ದಿನಾ ಅನ್ನುತ್ತೇವಲ್ಲ.

"ರನ್ನಗ ಕೂಡ್ತಿರಲಿಲ್ಲ," ಅಂದರು.

ಹಳಗನ್ನಡದಲ್ಲಿ ಕೇಳು ಅನ್ನುವುದು ಕೇಳ್, ನಮ್ಮ ಈಗಿನ ಳ. ಆದರೆ ಹೇಳು ಅನ್ನುವುದು ಪೇೞ್. ಇದು ಬೇರೆ ಅಕ್ಷರ, ಬೇರೆ ದನಿ. ನಾಲಿಗೆಯ ತುದಿಯನ್ನು ಳ ಅನ್ನುವ ಹಾಗೆ ಹಿಂದಕ್ಕೆ ಸುರುಳಿ ಮಾಡಬೇಕು, ಆದರೆ ಮೇಲಂಗಳಕ್ಕೆ ತಾಗಿಸಬಾರದು. ವ್ಯಾಕರಣದವರು ಇದಕ್ಕೆ ರಳ ಅಂತ ಹೆಸರಿಟ್ಟರು. ನಮ್ಮ ಮಾಮೂಲಿ ಳ ಅವರಿಗೆ ಕುಳ. ಇದೇ ರೀತಿ ರ ಕೂಡ ಎರಡು ಇದ್ದವು. ಒಂದು ನಾವು ಈಗ ಅನ್ನುವ ರ, ಇನ್ನೊಂದು ಒತ್ತಿ ಉರುಳಿಸುವ ಗಟ್ಟಿ ಱ. ಅದರ ಹೆಸರು ಶಕಟರೇಫ. ಶಕಟ ಅಂದರೆ ಬಂಡಿ.

ಇದು ಬರೀ ಪಂಡಿತರ ಚೌಕಾಸಿ ಅಲ್ಲ. ಅರ್ಥವೇ ಬದಲಾಗುತ್ತಿತ್ತು. ಬಾೞ್ ಅಂದರೆ ಬದುಕು, ಬಾಳ್ ಅಂದರೆ ಕತ್ತಿ. ಆೞ್ ಅಂದರೆ ಮುಳುಗು, ಆಳ್ ಅಂದರೆ ರಾಜ್ಯ ಆಳು. ತೆಱೆ ಅಂದರೆ ಬಾಗಿಲು ತೆಗೆ, ತೆರೆ ಅಂದರೆ ಅಲೆ. ಏಱು ಅಂದರೆ ಮೇಲೆ ಹತ್ತು, ಏರ್ ಅಂದರೆ ನೇಗಿಲು. ಎಮ್ಮೆಯ ಹಾಲು ಕರೆಯುವುದು ಕಱೆ, ದೂರದವರನ್ನು ಕೂಗಿ ಕರೆಯುವುದು ಕರೆ. ಒಂದರಿಂದ ಹತ್ತರವರೆಗೆ ಎಣಿಸಿದರೂ ಸಾಕು, ಮೂರು ಕಡೆ ಎಡವುತ್ತೇವೆ. ಮೂಱು, ಆಱು, ಏೞು. ಮುಂದೆ ಹೋದರೆ ನೂಱು.

ಊರಿನ ಹೆಸರುಗಳಲ್ಲೂ ಇವು ಇದ್ದವು. ಸುಮಾರು 850ರ ಕವಿರಾಜಮಾರ್ಗ ಕನ್ನಡದ ತಿರುಳು ಎಲ್ಲಿದೆ ಅಂತ ನಾಲ್ಕು ಊರುಗಳನ್ನು ಹೆಸರಿಸುತ್ತದೆ. ಕೊಪಣ ಅಂದರೆ ಕೊಪ್ಪಳ, ಒಂಕುಂದ ಅಂದರೆ ಒಕ್ಕುಂದ. ಉಳಿದ ಎರಡು ಕಿಸುವೊೞಲ್ ಮತ್ತು ಪುಲಿಗೆಱೆ, ಅಂದರೆ ಪಟ್ಟದಕಲ್ಲು ಮತ್ತು ಲಕ್ಷ್ಮೇಶ್ವರ. ಪೊೞಲ್ ಅಂದರೆ ಪಟ್ಟಣ, ಕೆಱೆ ಅಂದರೆ ಕೆರೆ. ಕನ್ನಡದ ತಿರುಳಿನ ನಾಲ್ಕು ಊರಿನಲ್ಲಿ ಎರಡರ ಹೆಸರನ್ನು ಅವತ್ತಿನ ಹಾಗೆ ಬರೆಯಲಿಕ್ಕೆ ಇವತ್ತಿನ ಶಾಲೆಯ ವರ್ಣಮಾಲೆ ಸಾಲುವುದಿಲ್ಲ! ಮುದುವೊಳಲಿನ ಕೊನೆಗೂ ಅದೇ ಪೊೞಲ್ ಇದೆ. ಮುದು ಅಂದರೆ ಹಳೆಯ, ಹಾಗಾಗಿ ಮುದುವೊೞಲ್ ಅಂದರೆ ಹಳೆಯ ಪಟ್ಟಣ. ಈಗಿನ ಮುಧೋಳದ ಳ ಬಂದಿದ್ದು ಅಲ್ಲಿಂದ.

ಮರುದಿನ ಆಫೀಸಿನಲ್ಲಿ ಪಕ್ಕದ ಸೀಟಿನ ಗೆಳತಿಯನ್ನು ಊಟಕ್ಕೆ ಕರೆದುಕೊಂಡು ಹೋದೆ. ಅವಳದು ಕೇರಳದ ಆಲಪ್ಪುೞ. ಇಂಗ್ಲಿಷಿನಲ್ಲಿ ಝಡ್, ಎಚ್ ಹಾಕಿ ಬರೆಯುತ್ತಾರಲ್ಲ, ನಾವು ಆಲಪ್ಪುಝ ಅಂತ ಓದಿ ಅವಳಿಂದ ಬೈಸಿಕೊಳ್ಳುತ್ತೇವಲ್ಲ, ಅದೇ ಊರು. ನಿಮ್ಮ ಭಾಷೆಯಲ್ಲಿ ಏಳಕ್ಕೆ ಏನಂತೀರಿ, ಮಳೆಗೆ ಏನಂತೀರಿ, ಬಾಳೆಗೆ ಏನಂತೀರಿ ಅಂತ ಕೇಳಿದೆ. ಅವಳು ವಿಚಿತ್ರವಾಗಿ ನೋಡಿ ಹೇಳಿದಳು. ಏೞ್. ಮೞ. ವಾೞ. ಇನ್ನೊಮ್ಮೆ ಹೇಳು ಅಂದೆ. ಹೇಳಿದಳು. ಕ್ಯಾಂಟೀನಿನ ಗದ್ದಲದಲ್ಲಿ, ಮೊಸರನ್ನದ ಮುಂದೆ ಕೂತು, ನಮ್ಮೂರಿನವನ ಬಾಯಲ್ಲಿ ಇದ್ದ ದನಿಯನ್ನು ನಾನು ಮೊದಲ ಸಲ ಕೇಳಿದೆ. ಅವಳಿಗೆ ಅದು ಮಳೆ ಅಷ್ಟೇ.

*

ಕನ್ನಡದಲ್ಲಿ ಈ ದನಿ ಯಾವಾಗ ಹೋಯಿತು? ಒಂದು ದಿನ, ಒಂದು ವರ್ಷ ಅಂತ ಹೇಳಲಾಗದು. ರನ್ನನ ಕಾಲದ ಹೊತ್ತಿಗೇ ಶಾಸನಗಳಲ್ಲಿ ೞ ಬರಬೇಕಾದ ಜಾಗದಲ್ಲಿ ಅಲ್ಲಲ್ಲಿ ಳ ಕಾಣತೊಡಗಿತ್ತು. ಶಾಸನ ಕೆತ್ತಿದವನು ಕಿವಿಗೆ ಬಿದ್ದದ್ದನ್ನು ಕೆತ್ತಿದ. ಇನ್ನು ಕೆಲವು ಕಡೆ, ಬೇರೆ ವ್ಯಂಜನದ ಹಿಂದೆ ಸಿಕ್ಕಿಕೊಂಡ ೞ ರಕಾರವಾಗಿ, ಆಮೇಲೆ ಪೂರ್ತಿ ಕರಗಿಹೋಯಿತು. ಗೞ್ದೆ ಗರ್ದೆಯಾಗಿ ಗದ್ದೆಯಾಯಿತು. ಕೞ್ತೆ ಕತ್ತೆಯಾಯಿತು. ಎೞ್ಪತ್ತು ಎಪ್ಪತ್ತಾಯಿತು. ಱ ಸ್ವಲ್ಪ ಗಟ್ಟಿ ಜೀವ, ಬರಹದಲ್ಲಿ ಇನ್ನೂ ಕೆಲವು ಶತಮಾನ ಉಸಿರಾಡಿತು. ಕೊನೆಗೆ ಅದೂ ರ ಆಯಿತು.

ಬಾಯಿಯಲ್ಲಿ ದನಿ ಹೋದ ಮೇಲೆ ಕವಿಗಳಿಗೆ ಪೇಚಾಟ ಶುರು. ಹೊಸದಾಗಿ ಬರೆಯುವ ಹುಡುಗನಿಗೆ ಮಳೆಯೂ ಬಳೆಯೂ ಒಂದೇ ಥರ ಕೇಳುತ್ತವೆ. ಎರಡನ್ನೂ ಪ್ರಾಸದ ಜಾಗದಲ್ಲಿ ಕೂರಿಸುತ್ತಾನೆ. ಹಿರಿಯರು ತಪ್ಪು ಅನ್ನುತ್ತಾರೆ. ಯಾಕೆ ತಪ್ಪು ಅಂದರೆ, ಮಳೆಯದು ಮೞೆ, ಬಳೆಯದು ಬಳೆ. ಕಿವಿಗೆ ಗೊತ್ತಾಗುವುದಿಲ್ಲವಲ್ಲ ಅಂದರೆ, ಗೊತ್ತಿರಬೇಕು ಅನ್ನುತ್ತಾರೆ. ನನ್ನ ಇಂಗ್ಲಿಷ್ ಸ್ಪೆಲಿಂಗಿನ ಕತೆಯೇ!

ಇದಕ್ಕೆ ಇಬ್ಬರು ಎರಡು ಉತ್ತರ ಕೊಟ್ಟರು.

ಮೊದಲನೆಯವನು ಹಂಪೆಯ ಹರಿಹರ, ಸುಮಾರು 1200ರ ಹೊತ್ತಿನ ರಗಳೆಯ ಕವಿ. ಜನರ ಬಾಯಲ್ಲಿ ಇಲ್ಲದ್ದು ನನ್ನ ಪದ್ಯದಲ್ಲಿ ಯಾಕೆ ಅನ್ನುವ ಹಾಗೆ ಆ ಎರಡು ಅಕ್ಷರಗಳ ಹಂಗನ್ನೇ ಬಿಟ್ಟವನು ಅಂತ ಸಾಹಿತ್ಯ ಚರಿತ್ರೆ ಅವನನ್ನು ಗುರುತಿಸುತ್ತದೆ. ಅವನ ಶಿವಶರಣರ ಕತೆಗಳನ್ನು ಕೇಳಲು ಕೂತವರಿಗೆ ಎರಡು ಳಗಳ ವ್ಯತ್ಯಾಸ ಬೇಕಿರಲಿಲ್ಲ. ಅವನ ನಂತರದವರಿಗೆ ದಾರಿ ಸಲೀಸಾಯಿತು.

ಎರಡನೆಯವನು ಕೇಶಿರಾಜ. ಮನೆತುಂಬ ಸಾಹಿತ್ಯ. ತಂದೆ ಮಲ್ಲಿಕಾರ್ಜುನ, ಹಳೆಯ ಕವಿಗಳ ಪದ್ಯಗಳನ್ನು ಆರಿಸಿ ಸೂಕ್ತಿಸುಧಾರ್ಣವ ಕಟ್ಟಿದವನು. ಸೋದರಮಾವ ಜನ್ನ, ಯಶೋಧರ ಚರಿತೆಯ ಕವಿ. ಸುಮಾರು 1260ರಲ್ಲಿ ಕೇಶಿರಾಜ ಶಬ್ದಮಣಿದರ್ಪಣ ಬರೆದ. ಅದರಲ್ಲಿ ರಳ, ಕುಳ, ಕ್ಷಳ ಅಂತ ಮೂರನ್ನು ಬೇರೆ ಬೇರೆ ಮಾಡಿ ನಿಲ್ಲಿಸಿದ. ಅಷ್ಟಕ್ಕೇ ಬಿಡದೆ ಯಾವ ಯಾವ ಪದಗಳಲ್ಲಿ ರಳ ಇದೆ ಅಂತ ಪಟ್ಟಿಯನ್ನೇ ಪದ್ಯ ಮಾಡಿ ಕೊಟ್ಟ. ಒಂದಾದ ಮೇಲೊಂದು ಪದ. ಕತೆ ಇಲ್ಲ, ವರ್ಣನೆ ಇಲ್ಲ. ಒಂದು ಅಕ್ಷರ ಇರುವ ಪದಗಳು, ಅಷ್ಟೇ. ಕಿವಿ ಕೈಕೊಟ್ಟವರಿಗೆ ಕಣ್ಣಿನ ಆಸರೆ.

ಇದನ್ನು ಓದುವಾಗ ನನ್ನ ನೋಟ್‌ಬುಕ್ಕಿನ ಹಿಂದಿನ ಪುಟ ನೆನಪಾಯಿತು. ಅಪ್ಪನ ಮಾತು ಅರ್ಥವಾಯಿತು.

ಮೊದಮೊದಲು ನನಗೆ ಹರಿಹರನೇ ಸರಿ ಅನ್ನಿಸಿತ್ತು. ಭಾಷೆ ಹರಿಯುವ ನೀರು, ಹೋದದ್ದು ಹೋಯಿತು, ಪಟ್ಟಿ ಇಟ್ಟುಕೊಂಡು ಯಾರನ್ನು ಉದ್ಧಾರ ಮಾಡಬೇಕಿದೆ? ಆದರೆ ಇನ್ನೊಂದು ಮಾತೂ ಇದೆ. ಕೇಶಿರಾಜನಂಥವರು ಆ ಪಟ್ಟಿ ಬರೆದಿಡದಿದ್ದರೆ ಪಂಪ ರನ್ನರ ಪದ್ಯಗಳನ್ನು ತಿದ್ದಿ ಓದುವುದು ನಮಗೆ ಇನ್ನೂ ಕಷ್ಟವಾಗುತ್ತಿತ್ತು. ಹರಿಹರ ಬದುಕಿದ್ದವರ ಪರ ನಿಂತ, ಕೇಶಿರಾಜ ಸತ್ತವರ ಪರ ನಿಂತ. ಇಬ್ಬರೂ ಬೇಕಾಗಿತ್ತು.

ಪಟ್ಟಿ ಮಾಡುವುದು ಕೇಶಿರಾಜನಿಂದ ಶುರುವಾಗಿದ್ದೂ ಅಲ್ಲ. ರನ್ನನದೇ ಅಂತ ವಿದ್ವಾಂಸರು ಹೇಳುವ ಒಂದು ಪುಟ್ಟ ಬರಹ ಇದೆ, ರನ್ನಕಂದ. ಹಳೆಯ ಕನ್ನಡ ಮಾತುಗಳಿಗೆ ಅರ್ಥ ಹೇಳುವ ಕಂದಪದ್ಯಗಳು. ಸಿಕ್ಕಿರುವುದು ಹತ್ತು ಹನ್ನೆರಡು ಪದ್ಯ ಮಾತ್ರ, ಆದರೂ ನಮಗೆ ಸಿಕ್ಕಿರುವ ಕನ್ನಡ ನಿಘಂಟುಗಳಲ್ಲಿ ಅದೇ ಮೊದಲಿನದು. ನಮಗೆ ರನ್ನನೇ ಹಳೆಯವನು. ಆ ಹಳೆಯವನ ಕಾಲಕ್ಕೇ ಕನ್ನಡದಲ್ಲಿ ಅರ್ಥ ಹೇಳಬೇಕಾದಷ್ಟು ಹಳೆಯ ಮಾತುಗಳು ಇದ್ದವು! ಗದಾಯುದ್ಧ ಬರೆದ ಕೈ, 993ರಲ್ಲಿ ಅತ್ತಿಮಬ್ಬೆಯ ಆಶ್ರಯದಲ್ಲಿ ಅಜಿತಪುರಾಣ ಬರೆದ ಕೈ, ಕೂತು ಪದಪಟ್ಟಿಯನ್ನೂ ಬರೆಯಿತು ಅನ್ನುವುದು ನನಗೆ ಯಾವ ಬಿರುದಿಗಿಂತಲೂ ಹತ್ತಿರದ ಸಂಗತಿ.

ಇಂಗ್ಲಿಷಿನವರೂ ಇದೇ ದಾರಿಯಲ್ಲಿ ಬಂದವರು, ಆದರೆ ತಿರುವು ಬೇರೆ. ರಾತ್ರಿ ಅನ್ನುವ ನೈಟ್ ಪದದ ಜಿಎಚ್ ಒಂದು ಕಾಲಕ್ಕೆ ಗಂಟಲಿನಿಂದ ಹೊರಡುವ ನಿಜವಾದ ದನಿ. ಜರ್ಮನ್ನರ ನಾಖ್ಟ್‌ನಲ್ಲಿ ಈಗಲೂ ಕೇಳಿಸುತ್ತದೆ. 1476ರಲ್ಲಿ ಕ್ಯಾಕ್ಸ್‌ಟನ್ ಇಂಗ್ಲೆಂಡಿಗೆ ಅಚ್ಚಿನ ಮನೆ ತಂದ ಮೇಲೆ ಸ್ಪೆಲಿಂಗ್ ಮೆಲ್ಲಗೆ ಗಟ್ಟಿಯಾಗುತ್ತ ಹೋಯಿತು. ಬಾಯಿ ಮುಂದೆ ಹೋಯಿತು, ಬರಹ ಅಲ್ಲೇ ನಿಂತಿತು. ಅವರು ದನಿ ಸತ್ತ ಮೇಲೂ ಅಕ್ಷರವನ್ನು ಮನೆಯಲ್ಲೇ ಇಟ್ಟುಕೊಂಡರು. ನಾವು ದನಿಯ ಜೊತೆಗೆ ಅಕ್ಷರವನ್ನೂ ಮಣ್ಣು ಮಾಡಿದೆವು. ಅದಕ್ಕೇ ಅವರ ಮಕ್ಕಳಿಗೆ ಸ್ಪೆಲಿಂಗ್ ಸ್ಪರ್ಧೆ ಬೇಕು, ನಮ್ಮ ಮಕ್ಕಳಿಗೆ ಬೇಡ. ಅವರ ಆಟಕ್ಕೂ ಕೊನೆಗೆ ಪಟ್ಟಿಯೇ ಬೇಕಾಯಿತು. ವರ್ಡಲ್ ಮಾಡಿದ ಜಾಶ್ ವಾರ್ಡಲ್‌ಗೆ ಸಿಕ್ಕ ಐದಕ್ಷರದ ಪದಗಳು ಸುಮಾರು 12 ಸಾವಿರ. ಅವನ ಸಂಗಾತಿ ಪಲಕ್ ಶಾ ಒಂದೊಂದನ್ನೇ ನೋಡಿ, ಜನಕ್ಕೆ ಗೊತ್ತಿರುವಂಥವು ಅಂತ ಸುಮಾರು 2,500 ಆರಿಸಿಕೊಟ್ಟಳು. ಆಟ ಲೋಕಕ್ಕೆ ಬಂದಿದ್ದು ಆಮೇಲೆ, 2021ರಲ್ಲಿ. ನಮ್ಮ ಟೀಮು ಆಡುವ ಆಟ ಶುರುವಾಗಿದ್ದೇ ಒಬ್ಬಳು ಮಾಡಿದ ಪಟ್ಟಿಯ ಮೇಲೆ. ಅದನ್ನು ನನ್ನ ಗೆಳೆಯನಿಗೆ ಹೇಳಿದ್ದೇನೆ.

ಮಣ್ಣಾದ ನಮ್ಮ ಅಕ್ಷರಗಳಿಗೂ ನಡುನಡುವೆ ಜೀವ ಬಂದದ್ದುಂಟು. ಕಿಟೆಲ್ 1872ರಲ್ಲಿ ಮಂಗಳೂರಿನ ಬಾಸೆಲ್ ಮಿಶನ್ ಮೂಲಕ ಶಬ್ದಮಣಿದರ್ಪಣವನ್ನು ಅಚ್ಚು ಹಾಕಿಸಿದ. 1894ರ ತನ್ನ ದೊಡ್ಡ ನಿಘಂಟಿನಲ್ಲೂ ೞ, ಱ ಎರಡನ್ನೂ ಇಟ್ಟುಕೊಂಡ. ಜರ್ಮನಿಯಿಂದ ಬಂದವನಿಗೆ ಕನ್ನಡದ ಸತ್ತ ಅಕ್ಷರದ ಮೊಳೆ ಬೇಕಾಯಿತು.

ಆಮೇಲೆ ಬಂದದ್ದು ಯೂನಿಕೋಡ್. ನೀವು ಈಗ ಈ ಪುಟದಲ್ಲಿ ೞ ನೋಡುತ್ತಿದ್ದೀರಿ ಅಂದರೆ ಅದಕ್ಕೆ ಯೂನಿಕೋಡಿನಲ್ಲಿ ಒಂದು ಮನೆ ಇದೆ ಅಂತಲೇ ಅರ್ಥ. ಆದರೆ ಆ ಮನೆಯ ಬಾಗಿಲ ಮೇಲಿನ ಹೆಸರು ನೋಡಿದರೆ ನಗಬೇಕೋ ಅಳಬೇಕೋ ತಿಳಿಯದು. ಅಲ್ಲಿ ಇರುವುದು ಕನ್ನಡ ಲೆಟರ್ ಫ ಅಂತ. ಫ್ಯಾನಿನ ಫ! ಯಾವುದೋ ಹಂತದಲ್ಲಿ ಹೆಸರು ತಪ್ಪಾಗಿ ಬಿದ್ದಿದೆ. ಒಮ್ಮೆ ಕೊಟ್ಟ ಹೆಸರನ್ನು ಬದಲಿಸುವಂತಿಲ್ಲ ಅನ್ನುವುದು ಯೂನಿಕೋಡಿನ ನಿಯಮ. ಹಾಗಾಗಿ ತಪ್ಪು ಹೆಸರು ಹಾಗೇ ಇದೆ, ಪಕ್ಕದಲ್ಲಿ ತಿದ್ದುಪಡಿಯ ಇನ್ನೊಂದು ಹೆಸರು ಸೇರಿಸಿದ್ದಾರೆ. ಪ್ರೊಡಕ್ಷನ್‌ಗೆ ಹೋದ ಬಗ್ ಅನ್ನು ತಿದ್ದಲಾಗದೆ ಕೆಳಗೆ ಕಾಮೆಂಟ್ ಬರೆದು ಕೈತೊಳೆದುಕೊಳ್ಳುವುದು ನಮಗೆ ಗೊತ್ತಿಲ್ಲದ್ದೇನೂ ಅಲ್ಲ. ಆದರೂ ಪೇಚೆನಿಸಿತು. ಹೇಳೋರು ಕೇಳೋರು ಇಲ್ಲದ ಅಕ್ಷರಕ್ಕೆ ಯಾರು ಏನು ಹೆಸರಿಟ್ಟರೂ ನಡೆಯುತ್ತದೆ.

*

ಇಷ್ಟೆಲ್ಲ ತಿಳಿದುಕೊಂಡು ಬೀಗುತ್ತಿದ್ದ ದಿನಗಳಲ್ಲೇ ಮಗಳು ನನ್ನನ್ನು ನೆಲಕ್ಕಿಳಿಸಿದಳು.

ಅವಳಿಗೆ ಆರು ವರ್ಷ. ನಮ್ಮ ಅಪಾರ್ಟ್‌ಮೆಂಟಿನ ಮಕ್ಕಳೆಲ್ಲ ಕೂಡಿ ಆಡುವುದು ಇಂಗ್ಲಿಷಿನಲ್ಲಿ. ಶಾಲೆಯೂ ಅದೇ. ಮನೆಯಲ್ಲಿ ಕನ್ನಡ ಇದೆ, ಆದರೆ ನಾವಿಬ್ಬರೂ ಮನೆಯಲ್ಲಿರುವ ಹೊತ್ತು ಎಷ್ಟು? ಅವಳ ಕನ್ನಡದಲ್ಲಿ ಏನೋ ಸಣ್ಣ ಊನ ಇದೆ ಅಂತ ನನಗೆ ಗೊತ್ತಿತ್ತು. ಮಕ್ಕಳ ಮಾತು, ಸರಿಹೋಗುತ್ತದೆ ಅಂದುಕೊಂಡಿದ್ದೆ.

ಒಂದು ಭಾನುವಾರ ಹೊಸ ಗಾಜಿನ ಬಳೆ ಹಾಕಿಕೊಂಡು ಕುಣಿಯುತ್ತ ಅಪ್ಪನಿಗೆ ವಿಡಿಯೋ ಕಾಲ್ ಮಾಡಿದಳು. "ಅಜ್ಜಾ, ನೋಡು, ನಾನು ಬಲೆ ಹಾಕ್ಕೊಂಡಿದೀನಿ!"

"ಬಲಿ ಹಾಕ್ಕೊಂಡು ಏನ್ ಹಿಡ್ಯಾಕ ಹೊಂಟೀಯವ್ವಾ, ಮೀನೇನು?" ಅಂತ ಅಪ್ಪ ನಕ್ಕರು.

ಅವಳಿಗೆ ಅರ್ಥವಾಗಲಿಲ್ಲ. "ನಾಲೆ ನಾವು ಹಲ್ಲಿಗೆ ಬರ್ತೀವಿ," ಅಂದಳು. ನಾಳೆ ಹಳ್ಳಿಗೆ. ಅಪ್ಪ ಮತ್ತೆ ನಕ್ಕರು, ಆದರೆ ಈ ಸಲ ನಗು ಬೇಗ ಮುಗಿಯಿತು. "ಯಾವ ಹಳ್ಳಿ, ಹೆಸರು ಹೇಳು," ಅಂದರು.

"ಬೆಲಗಲಿ."

ಬೆಳಗಲಿಯಲ್ಲಿ ಳ, ಲ ಎರಡೂ ಇವೆ. ಇಂಗ್ಲಿಷಿನಲ್ಲಿ ಬರೆದರೆ ಎರಡಕ್ಕೂ ಒಂದೇ ಎಲ್. ಮಗಳು ನಮ್ಮೂರಿನ ಹೆಸರನ್ನು ಕೇಳಿದ್ದಕ್ಕಿಂತ ನನ್ನ ಫೋನಿನ ಮ್ಯಾಪಿನಲ್ಲಿ ಓದಿದ್ದೇ ಹೆಚ್ಚು. ಅವಳು ತಪ್ಪು ಓದಿಲ್ಲ. ಬರೆದದ್ದನ್ನೇ ಓದಿದ್ದಾಳೆ.

ಹಳೆಯ ಕನ್ನಡಿಗರ ಕತೆ ಇದಕ್ಕೆ ತಿರುವುಮುರುವು. ಅವರಿಗೆ ಳ ಎಷ್ಟು ಇಷ್ಟ ಅಂದರೆ ಸಂಸ್ಕೃತದಿಂದ ಬಂದ ಪದಗಳ ಲಕಾರವನ್ನೂ ಳ ಮಾಡಿಕೊಂಡರು. ಕಮಲ ಕಮಳವಾಯಿತು, ಧವಲ ಧವಳವಾಯಿತು, ಕೋಮಲ ಕೋಮಳವಾಯಿತು. ಕೇಶಿರಾಜ ಕ್ಷಳ ಅಂತ ಮೂರನೇ ಹೆಸರಿಟ್ಟದ್ದು ಈ ಳಕ್ಕೇ. ಹೊರಗಿನಿಂದ ಬಂದವರಿಗೂ ತಮ್ಮ ನಾಲಿಗೆಯ ರುಚಿ ಹಚ್ಚಿದ ಜನ. ಅವರ ಮರಿಮಕ್ಕಳ ಮನೆಯಲ್ಲಿ ಬಳೆ ಬಲೆಯಾಗಿದೆ. ಬಳೆಗಾರರ ಮಗನ ಊರಿನವರು ನಾವು.

ಆ ರಾತ್ರಿ ಅಪ್ಪನ ಹತ್ತಿರ ನನ್ನನ್ನು ನಾನು ಸಮರ್ಥಿಸಿಕೊಂಡೆ. ೞ ಹೋಯಿತು, ಱ ಹೋಯಿತು, ಕನ್ನಡವೇನೂ ಸಾಯಲಿಲ್ಲವಲ್ಲ; ಳ ಹೋದರೇನು ಗಂಟು ಹೋಗುತ್ತದೆ ಅಂದೆ. ಹರಿಹರನನ್ನೂ ಎಳೆದು ತಂದೆ.

ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದರು. "ಆ ಳ ಹೋದಾಗ ಊರಿಗೆ ಊರss ಕೂಡಿ ಬಿಟ್ಟಿತ್ತು, ಯವ್ವಾ. ಅಜ್ಜನೂ ಬಿಟ್ಟ, ಮೊಮ್ಮಗಳೂ ಬಿಟ್ಟಳು. ಒಬ್ಬರದು ಒಬ್ಬರಿಗೆ ತಿಳಿಲಾರದಂಗ ಆಗಲಿಲ್ಲ. ಈ ಳ ನಿಮ್ಮ ಮನ್ಯಾಗ ಒಂದss ಹೊಂಟೈತಿ. ನಾ ಬಳಿ ಅಂದ್ರ ಆಕಿ ಬಲಿ ಅಂತಾಳ. ನಾಳೆ ಆಕಿ ಹೇಳಿದ್ದು ನನಗ ತಿಳೀಬೇಕಲ್ಲ, ನಾ ಹೇಳಿದ್ದು ಆಕಿಗೆ ತಿಳೀಬೇಕಲ್ಲ."

ನನ್ನ ಹತ್ತಿರ ಉತ್ತರ ಇರಲಿಲ್ಲ. ಭಾಷೆ ಬದಲಾಗುವುದು ಬೇರೆ, ಒಂದು ಮನೆ ಆ ಭಾಷೆಯ ಬಳಕೆ ತಪ್ಪಿಸಿಕೊಳ್ಳುವುದು ಬೇರೆ. ಎರಡಕ್ಕೂ ಒಂದೇ ಸಮಾಧಾನ ಹೇಳಿಕೊಂಡು ನಾನು ಆರಾಮಾಗಿದ್ದೆ.

ಹಾಗಾಗಿ ನಮ್ಮ ಫ್ರಿಡ್ಜಿನ ಮೇಲೆ ಈಗ ಒಂದು ಪಟ್ಟಿ ಇದೆ. ಮಗಳೇ ಬರೆದದ್ದು, ಕನ್ನಡದಲ್ಲಿ, ಸ್ಕೆಚ್ ಪೆನ್ನಿನಲ್ಲಿ. ಮಳೆ, ಬಳೆ, ಬಾಳೆ, ಹುಳು, ಏಳು, ಹೇಳು, ಕೇಳು, ನಾಳೆ, ಹಳ್ಳಿ, ಬೆಳಗಲಿ. ಹತ್ತು ಪದ. ಪ್ರತಿ ವಾರ ಇನ್ನೈದು ಸೇರಿಸಬೇಕು. ಸರಿಯಾಗಿ ಅಂದರೆ ಪಕ್ಕದಲ್ಲಿ ಹಸಿರು ಚೌಕ, ತಪ್ಪಿದರೆ ಹಳದಿ. ಬೂದಿ ಬಣ್ಣ ಇಟ್ಟಿಲ್ಲ. ಚೌಕಗಳ ಉಪಾಯ ಎಲ್ಲಿಂದ ಬಂತು ಅಂತ ಹೇಳಬೇಕಿಲ್ಲ.

ಒಂದು ದಿನ ನೀರು ಕುಡಿಯುತ್ತ ಆ ಪಟ್ಟಿಯನ್ನು ನೋಡುತ್ತಿದ್ದೆ. ಹತ್ತರಲ್ಲಿ ಐದು, ಅಂದರೆ ಮಳೆ, ಬಾಳೆ, ಹುಳು, ಏಳು, ಹೇಳು, ಮೊದಲು ೞ ಇದ್ದ ಪದಗಳು. ತಮ್ಮ ಅಕ್ಷರ ಹೋದ ಮೇಲೆ ಅವು ಬಂದು ಸೇರಿಕೊಂಡದ್ದು ಳ ಮನೆಯನ್ನು. ಒಂಬೈನೂರು ಸಾವಿರ ವರ್ಷದಿಂದ ಅಲ್ಲೇ ಬಾಡಿಗೆ ಕೊಡದೆ ಇವೆ. ಈಗ ಈ ಮನೆಯೂ ಹೋದರೆ ಎರಡು ಮನೆಯವರು ಬೀದಿಗೆ ಬರುತ್ತಾರೆ.

ಈ ಬೇಸಿಗೆ ರಜೆಗೆ ಊರಿಗೆ ಹೋದೆವು. ಮುಧೋಳದಲ್ಲಿ ಬಸ್ಸು ಬದಲಿಸುವಾಗ ಮಗಳು ಬೋರ್ಡು ಓದಲಿಕ್ಕೆ ನಿಂತಳು. ಕನ್ನಡದ ಬೋರ್ಡು. ಮೊದಲ ಪದ ಸಲೀಸಾಗಿ ಬಂತು, ರನ್ನ. ಎರಡನೆಯದಕ್ಕೆ ಬೆ ಅಂದು ನಿಂತಳು. ಹಿಂದಿನವರು ದಾರಿ ಬಿಡಿರಿ ಅಂತ ಒತ್ತುತ್ತಿದ್ದರು. ಕಂಡಕ್ಟರ್, "ಹತ್ರಿ ಅಕ್ಕಾರ, ಹತ್ರಿ," ಅಂತ ಅವಸರ ಮಾಡುತ್ತಿದ್ದ. ಅವಳು ಕದಲಲಿಲ್ಲ. ಹಳೆಯ ಕವಿಗಳು ಪ್ರಾಸ ಹಿಡಿಯುತ್ತಿದ್ದ ಜಾಗದಲ್ಲೇ, ಸರಿಯಾಗಿ ಎರಡನೇ ಅಕ್ಷರದ ಮೇಲೆ, ನಾಲಿಗೆಯನ್ನು ಹಿಂದಕ್ಕೆ ಮಡಚಿಕೊಂಡು, ಬಾಯಿ ಅರ್ಧ ತೆರೆದು ನಿಂತಿದ್ದಳು. ನಾನೂ ಕಾದೆ.